ದೋಣಿಮನೆಗೊಂದು ಪ್ರಚಾರ

ಜನವರಿ 6

ಪ್ರೀತಿಯ ಭಾವನಿಗೆ,

ನಿಮ್ಮ ನಾದಿನಿಯ ನಮಸ್ಕಾರ. ಮೊನ್ನೆ ಫೋನಿನಲ್ಲಿ ಮೂರು ಸಲ "ಹಾಂ, ಹಾಂ" ಎಂದು ಹೇಳಿ ಅಕ್ಕನ ಕೈಗೆ ಕೊಟ್ಟುಬಿಟ್ಟಿರಿ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ನಿಮಗೆ ಕೇಳಿಸಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತಾರು ವರ್ಷ ಡೀಸೆಲ್ ಇಂಜಿನ್ನಿನ ಪಕ್ಕ ಕೂತವರ ಕಿವಿಯ ಮೇಲೆ ಕೋಪ ಮಾಡಿಕೊಂಡು ಏನು ಬಂತು? ಅದಕ್ಕೇ ಈ ಕಾಗದ.

ವಿಷಯ ಇಷ್ಟು. ಹೋದ ವಾರ ಅಕ್ಕ ನನಗೆ ಹೇಳಿದಳು, "ನಿಮ್ಮ ಭಾವಂಗೆ ಹೇಳಬೇಕಾದ್ದನ್ನ ಹೇಳೋಕೆ ಬರ್ತಿಲ್ಲ ಕಣೆ. ನಿನ್ನ ಕಸುಬೇ ಅದಲ್ವಾ, ಸ್ವಲ್ಪ ಸಹಾಯ ಮಾಡು." ಹದಿನಾಲ್ಕು ವರ್ಷದಿಂದ ನಾನು ಅನ್ನ ತಿನ್ನುತ್ತಿರುವುದೇ ಆ ಕಸುಬಿನಲ್ಲಿ. ಶಾಲೆ, ಆಸ್ಪತ್ರೆ, ಅಂಧರ ಗ್ರಂಥಾಲಯ, ಒಳ್ಳೆಯ ಕೆಲಸ ಮಾಡುವವರೆಲ್ಲ ಬಾಯಿ ಬಿಡುವ ಹೊತ್ತಿಗೆ ತಡವರಿಸುತ್ತಾರೆ. ಯಾರಿಗೆ ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ನಾನು ಕೂತು ಯೋಜನೆ ಹಾಕಿಕೊಡುತ್ತೇನೆ. ಊರವರಿಗೆಲ್ಲ ಮಾಡಿ ನಮ್ಮ ಮನೆಯದೇ ಆದ ನಿಮ್ಮ ದೋಣಿ ಸಂಸ್ಥೆಯನ್ನೇ ಮರೆತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹೊಸಬರಿಗೆಲ್ಲ ನಾನು ನಾಲ್ಕು ಪ್ರಶ್ನೆ ಕೊಡುತ್ತೇನೆ. ನೀವು ಏನು ಮಾಡುತ್ತೀರಿ? ಯಾರಿಗಾಗಿ ಮಾಡುತ್ತೀರಿ? ನಾಳೆ ಬೆಳಿಗ್ಗೆ ನಿಮ್ಮ ಸಂಸ್ಥೆ ಇಲ್ಲವಾದರೆ ಯಾರಿಗೆ ಏನು ತೊಂದರೆ? ಇದನ್ನು ಯಾರು ಕೇಳಿಸಿಕೊಳ್ಳಬೇಕು? ಉತ್ತರ ನಿಮ್ಮ ಕೈಬರಹದಲ್ಲೇ ಬರಬೇಕು. ಕಂಪ್ಯೂಟರಿನಲ್ಲಿ ಬರೆದರೆ ಎಲ್ಲರೂ ಹಳೆಯ ವರದಿಯಿಂದ ನಕಲು ಹೊಡೆಯುತ್ತಾರೆ. "ಸಮರ್ಪಣಾ ಭಾವ" ಎಂಬ ಮಾತು ಎಲ್ಲಾದರೂ ಕಂಡರೆ ಕಾಗದ ವಾಪಸ್ ಬರುತ್ತದೆ, ಎಚ್ಚರ.

ನಿಮ್ಮ ಮಾತಿನಮಲ್ಲಿ

ಜನವರಿ 15

ಮಾತಿನಮಲ್ಲಿಗೆ ಆಶೀರ್ವಾದಗಳು.

ಮೊದಲನೆಯದಕ್ಕೆ ಉತ್ತರ: ಹೊಳೆಯ ಆಚೆ ದಡದ ಏಳು ಹಳ್ಳಿಗಳ ಕಾಯಿಲೆಯವರನ್ನೂ ಬಸುರಿಯರನ್ನೂ ದೋಣಿಯಲ್ಲಿ ಈಚೆ ದಡದ ಆಸ್ಪತ್ರೆಗೆ ತಲುಪಿಸುತ್ತೇವೆ. ಫೋನ್ ಬಂದ ಹತ್ತು ನಿಮಿಷಕ್ಕೆ ದೋಣಿ ಹೊರಡಬೇಕೆಂಬುದು ನಿಯಮ. ದೋಣಿಯಲ್ಲಿ ಮೂವರು. ಇಂಜಿನ್ ನನ್ನದು, ಕಾಯಿಲೆಯವರು ನಿನ್ನ ಅಕ್ಕನ ಪಾಲಿಗೆ, ಅವಳು ನರ್ಸು ತಾನೆ. ಚುಕ್ಕಾಣಿ ಹಿಡಿಯುವವನನ್ನು ಎಲ್ಲರೂ ಚುಕ್ಕಾಣಿ ಎಂದೇ ಕರೆಯುತ್ತಾರೆ, ಅವನ ಹೆಂಡತಿಯೂ.

ಎರಡನೆಯದಕ್ಕೆ: ಮೇಲೆ ಹೇಳಿದವರಿಗಾಗಿ. ಇಲ್ಲಿಯ ತನಕ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಸಲ ಹೊಳೆ ದಾಟಿದ್ದೇವೆ. ವರ್ಷವಾರು ಪಟ್ಟಿ ಬೇಕಿದ್ದರೆ ಹುಡುಕಿ ಕಳಿಸುತ್ತೇನೆ.

ನಾಲ್ಕನೆಯದಕ್ಕೆ: ಗೊತ್ತಿಲ್ಲ. ಅದು ಗೊತ್ತಿದ್ದರೆ ನಿನಗೇಕೆ ಬರೆಯುತ್ತಿದ್ದೆ?

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಕ್ಕನ ಮಂಡಿ ನೋವು ಹಾಗೇ ಇದೆ.

ಭಾವ

ಜನವರಿ 21

ಪ್ರೀತಿಯ ಭಾವನಿಗೆ,

ಕಾಗದ ಓದಿ ನಗು ಬಂತು. ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗಿದೆ. ಮೂರನೆಯ ಪ್ರಶ್ನೆಯನ್ನು ಸದ್ದಿಲ್ಲದೆ ಹಾರಿಸಿಬಿಟ್ಟಿದ್ದೀರಿ. ನನಗೆ ಅರ್ಥವಾಗುತ್ತದೆ ಬಿಡಿ. ನಾವಿಲ್ಲದಿದ್ದರೆ ಗತಿಯಿಲ್ಲ ಎಂದು ಬರೆದರೆ ಜಂಬ ಕೊಚ್ಚಿದ ಹಾಗಾಗುತ್ತದೆ ಎಂಬ ಸಂಕೋಚ. ನಿಮ್ಮಂಥವರೆಲ್ಲ ಹಾರಿಸುವುದು ಆ ಪ್ರಶ್ನೆಯನ್ನೇ. ನಾನೇ ಉತ್ತರ ಬರೆದುಕೊಂಡಿದ್ದೇನೆ: ಏಳು ಹಳ್ಳಿಗೆ ಆಸ್ಪತ್ರೆಯೇ ಇಲ್ಲವಾಗುತ್ತದೆ.

ಈಗ ನನಗೆ ಒಂದೇ ಒಂದು ಘಟನೆ ಬೇಕು. ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಎಂದರೆ ಜನ ತಲೆಯಾಡಿಸಿ ಮರೆಯುತ್ತಾರೆ, ಒಬ್ಬ ಹೆಂಗಸಿನ ಕಥೆ ಹೇಳಿದರೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಾರೆ. ಹಳೆಯ ಕಾಲದ್ದು ಬೇಡ, ಇತ್ತೀಚಿನದು ಬರೆಯಿರಿ. ಅವತ್ತು ನಿಮಗೆ ಹೇಗಾಯಿತೋ ಅದನ್ನೂ ಬರೆಯಿರಿ.

ಮಾತಿನಮಲ್ಲಿ

ಜನವರಿ 29

ಮಾತಿನಮಲ್ಲಿಗೆ,

ಇತ್ತೀಚಿನದು ಬೇಕೆಂದೆ. ನವೆಂಬರ್ ತಿಂಗಳಿನದು ಒಂದಿದೆ.

ಬೆಳಿಗ್ಗೆ ಎಂಟೂವರೆಗೆ ಆಚೆ ದಡದಿಂದ ಫೋನ್ ಬಂತು. ನಾವು ದೊಡ್ಡಮ್ಮ ಎಂದು ಕರೆಯುವ ಹೆಂಗಸಿನ ಮನೆಯಿಂದ. ಅವರ ಮೂರು ಹೆರಿಗೆಗೂ ನಮ್ಮ ದೋಣಿಯೇ ಬಂದಿತ್ತು, ಈಗ ಸೊಸೆಯ ಸರದಿ. ಹೋಗಿ ಇಬ್ಬರನ್ನೂ ಹತ್ತಿಸಿಕೊಂಡೆವು. ನಡುಹೊಳೆಗೆ ಬರುವಾಗ ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಹದಿನೇಳು ವರ್ಷದ ಇಂಜಿನ್. ನಾನು ಬಿಚ್ಚಿ ಊದಿ ಕಟ್ಟಿದೆ, ಮತ್ತೆ ಬಿಚ್ಚಿದೆ. ಚುಕ್ಕಾಣಿ ಹುಟ್ಟು ಹಾಕತೊಡಗಿದ, ಆದರೆ ಸೆಳೆತ ನಮ್ಮನ್ನು ಕೆಳಕ್ಕೆ ಎಳೆಯುತ್ತಿತ್ತು. ಆ ಹುಡುಗಿ ನನ್ನ ತೋಳು ಹಿಡಿದುಕೊಂಡು, "ಅಪ್ಪಾ, ನಾನು ಸಾಯ್ತೀನಾ?" ಎಂದು ಕೇಳಿದಳು. ಬೇರೆಲ್ಲ ಮಾತು ನನಗೆ ಕೇಳಿಸುವುದಿಲ್ಲ, ಇದು ಕೇಳಿಸಿತು. ನಿನ್ನ ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, ಬಿಸಿಲಿಗೆ ಕೊಡೆ ಹಿಡಿ ಎಂದಳು. ನಾನು ಕೊಡೆ ಹಿಡಿದು ಬೆನ್ನು ತಿರುಗಿಸಿ ನಿಂತೆ. ನಲವತ್ತು ನಿಮಿಷದ ಮೇಲೆ ದೋಣಿಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಕೂಗಲಿಲ್ಲ. ನಿನ್ನ ಅಕ್ಕ ಬೆನ್ನು ತಟ್ಟಿ, ಉಜ್ಜಿ, ಬಾಯಿಗೆ ಬಾಯಿಟ್ಟು ಊದಿದ ಮೇಲೆ ಕೂಗಿತು.

ಈಗ ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ. ನನಗೆ ಹೇಗಾಯಿತು ಎಂದು ಕೇಳಿದ್ದೀಯಲ್ಲ, ಮೂರು ರಾತ್ರಿ ಎದ್ದು ಹೋಗಿ ಆ ಇಂಜಿನ್ನನ್ನೇ ಬಿಚ್ಚಿ ಬಿಚ್ಚಿ ಕಟ್ಟಿದೆ. ಇದನ್ನು ನಿನಗೆ ಮಾತ್ರ ಬರೆದಿದ್ದೇನೆ. ಎಲ್ಲಿಯೂ ಹಾಕಬೇಡ.

ಭಾವ

ಫೆಬ್ರವರಿ 4

ಭಾವ,

ಆಫೀಸಿನಲ್ಲಿ ಕೂತು ಓದಿ ಅತ್ತುಬಿಟ್ಟೆ. ಎದುರು ಮೇಜಿನವಳು ಏನಾಯಿತು ಎಂದು ಓಡಿ ಬಂದಳು. ಇಪ್ಪತ್ತಾರು ವರ್ಷ ಇಂಥವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೀರಲ್ಲ, ನಿಮಗೇನು ಹೇಳಲಿ?

ಕಥೆ ಎಲ್ಲಿಯೂ ಹೋಗುವುದಿಲ್ಲ, ಸದ್ಯಕ್ಕೆ ನನ್ನ ಕರಡಿನಲ್ಲಿದೆ, ಅಷ್ಟೆ. ಆದರೆ ಸಿಹಿ ಸುದ್ದಿ ಒಂದಿದೆ. ನನಗೆ ಪರಿಚಯದ ಒಂದು ದತ್ತಿ ಸಂಸ್ಥೆಯವರು ಇಂಥ ಕೆಲಸಕ್ಕೆ ದೋಣಿ ಕೊಡಿಸುವ ಮನಸ್ಸು ಮಾಡಿದ್ದಾರೆ. ಹೊಸ ದೋಣಿ, ಎರಡು ಇಂಜಿನ್, ಒಳಗೆ ಆಮ್ಲಜನಕದ ವ್ಯವಸ್ಥೆ. ಇನ್ನು ಯಾವ ಹುಡುಗಿಯೂ ನಿಮ್ಮ ತೋಳು ಹಿಡಿದು ಹಾಗೆ ಕೇಳಬೇಕಾಗುವುದಿಲ್ಲ. ಹತ್ತನೇ ತಾರೀಕು ಫೋಟೋ ತೆಗೆಯುವವನು ಬರುತ್ತಾನೆ. ದಯವಿಟ್ಟು ಅವನ ಮುಂದೆ ಸ್ವಲ್ಪ ನಗಿ.

ಮಾತಿನಮಲ್ಲಿ

ಫೆಬ್ರವರಿ 17

ಭಾವ,

ಫೋಟೋ ಬಂದವು. ನೀವು ಇಂಜಿನ್ನಿನ ಪಕ್ಕ ನಿಂತಿದ್ದೀರಿ, ಅಕ್ಕ ಔಷಧಿ ಪೆಟ್ಟಿಗೆ ಹಿಡಿದಿದ್ದಾಳೆ, ಚುಕ್ಕಾಣಿ ಮದುಮಗನ ಹಾಗೆ ತಲೆ ಬಾಚಿಕೊಂಡಿದ್ದಾನೆ. ಎಲ್ಲ ಚೆನ್ನಾಗಿದೆ.

ನಿಮ್ಮ ತಲೆಯ ಹಿಂದೆ, ಹೊಳೆಯ ಮೇಲ್ಭಾಗದಲ್ಲಿ, ಉದ್ದಕ್ಕೆ ಕಾಣುವುದು ಏನು? ಅದರ ಮೇಲೆ ಒಂದು ಬಸ್ಸು ಹೋಗುತ್ತಿದೆ. ಅದರ ಹಿಂದೆ ಆಂಬುಲೆನ್ಸ್ ಹೋಗುತ್ತಿದೆ.

ನಾನು ಕೊನೆಯ ಸಲ ಬಂದದ್ದು ಐದು ವರ್ಷದ ಹಿಂದೆ. ಆಗ ಅಲ್ಲಿ ಏನೂ ಇರಲಿಲ್ಲ.

ಫೆಬ್ರವರಿ 27

ಭಾವ,

ಹತ್ತು ದಿನವಾಯಿತು, ನಿಮ್ಮಿಂದ ಉತ್ತರವಿಲ್ಲ. ಅಕ್ಕನಿಗೆ ಫೋನ್ ಮಾಡಿ ಕೂಗಾಡಿದೆ. ಸೇತುವೆಯ ಮೇಲೆ ಓಡಾಟ ಶುರುವಾಗಿ ಎರಡು ವರ್ಷವಾಯಿತಂತೆ. ಒಂದು ಮಾತು ನನಗೆ ಹೇಳಬಾರದಿತ್ತಾ ಎಂದರೆ, "ಅದು ಅವರ ಬಾಯಲ್ಲೇ ಬರಲಿ ಅಂತ ತಾನೇ ನಿನಗೆ ಹೇಳಿದ್ದು" ಎಂದಳು. ಅಕ್ಕ ಸಹಾಯ ಕೇಳಿದ್ದು ಪ್ರಚಾರಕ್ಕೆ ಎಂದು ನಾನು ತಿಳಿದುಕೊಂಡೆ. ಹದಿನಾಲ್ಕು ವರ್ಷದ ಅನುಭವವಂತೆ, ನನ್ನ ತಲೆ.

ನನಗೆ ಕೋಪವಿದೆ, ಸುಳ್ಳೇಕೆ. ಆದರೆ ಕೋಪಕ್ಕಿಂತ ಒಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ. ನವೆಂಬರಿನಲ್ಲಿ ಸೇತುವೆ ಇತ್ತು. ಆಂಬುಲೆನ್ಸೂ ಇತ್ತು. ಆ ಹುಡುಗಿ ಯಾಕೆ ದೋಣಿ ಹತ್ತಿದಳು?

ಮಾರ್ಚ್ 4

ತಂಗಿಗೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನೀನು ಕೇಳಿದ್ದನ್ನು ನವೆಂಬರಿನಿಂದ ನಾನೂ ಕೇಳಿಕೊಳ್ಳುತ್ತಿದ್ದೇನೆ. ದೊಡ್ಡಮ್ಮನನ್ನೇ ಕೇಳಿದೆ, ಸೇತುವೆಯ ಮೇಲೆ ಹೋಗಬಹುದಿತ್ತಲ್ಲ ಎಂದು. "ನಿಮ್ಮ ದೋಣಿ ಇರುವಾಗ ಬೇರೆ ಯಾಕೆ?" ಎಂದರು. ನನಗೆ ಹೆಮ್ಮೆಯಾಯಿತು. ಆಮೇಲೆ ಆ ಹೆಮ್ಮೆಗೆ ನಾಚಿಕೆಯಾಯಿತು. ಮಗು ಕೂಗದೆ ಹೋಗಿದ್ದರೆ ಅದನ್ನು ಕೊಂದವನು ನಾನು. ಆಂಬುಲೆನ್ಸಿನಲ್ಲಿ ಹನ್ನೊಂದು ನಿಮಿಷದ ದಾರಿ.

ಸೇತುವೆ ತೆರೆಯುವ ಹಿಂದಿನ ವರ್ಷ ನೂರಿಪ್ಪತ್ತು ಸಲ ಹೋಗಿದ್ದೆವು. ತೆರೆದ ವರ್ಷ ಮೂವತ್ತು. ಹೋದ ವರ್ಷ ಹನ್ನೆರಡು, ತಿಂಗಳಿಗೆ ಸರಿಯಾಗಿ ಒಂದು. ಅದಕ್ಕೇ ನಿನಗೆ ವರ್ಷವಾರು ಪಟ್ಟಿ ಕಳಿಸಲಿಲ್ಲ. ತಿಂಗಳಿಗೆ ಒಬ್ಬರಾದರೂ ಕರೆಯುತ್ತಾರಲ್ಲ, ಅವರಿಗೆ ನಾವು ಬೇಕು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಲ್ಲಿಸಿದರೆ ಚುಕ್ಕಾಣಿಗೆ ಕೆಲಸವಿಲ್ಲ. ನಿಲ್ಲಿಸಿದರೆ ಆಚೆ ದಡದವರು, ಕೈಬಿಟ್ಟ ಎಂದುಕೊಳ್ಳುತ್ತಾರೆ. ಇವೆಲ್ಲ ನೆಪ. ಬೆಳಿಗ್ಗೆ ಎದ್ದು ಆ ಇಂಜಿನ್ ಒರೆಸದಿದ್ದರೆ ನಾನು ಯಾರು ಎಂದು ನನಗೇ ಗೊತ್ತಿಲ್ಲ. ಇದು ನಿಜ.

ಹೊಸ ದೋಣಿ ಬೇಡ ಎಂದು ಅವತ್ತೇ ಬರೆಯಬೇಕಿತ್ತು. ಎರಡು ಇಂಜಿನ್ ಎಂದು ಓದಿ ಆಸೆಯಾಯಿತು. ಮರ್ಯಾದೆ ಉಳಿಸಿಕೊಂಡು ಇದನ್ನು ನಿಲ್ಲಿಸುವ ದಾರಿ ನಿನಗೆ ಗೊತ್ತಿದ್ದರೆ ಹೇಳು. ಇನ್ನೊಂದು ಫೋನ್ ಬರುವುದರೊಳಗೆ ಹೇಳು.

ಭಾವ

ಮಾರ್ಚ್ 9

ಪ್ರೀತಿಯ ಭಾವ,

ಕಾಗದ ಓದಿ ಮನಸ್ಸು ಹಗುರವಾಯಿತು. ಈಗ ನನ್ನದೂ ಒಂದಿದೆ, ಕೇಳಿ. ಎಲ್ಲಿಯೂ ಹಾಕಬೇಡ ಎಂದು ನೀವು ಬರೆದಿದ್ದ ಕಥೆಯನ್ನು ನಾನು ಫೆಬ್ರವರಿ ಮೂರನೇ ತಾರೀಕೇ ದತ್ತಿ ಸಂಸ್ಥೆಗೆ ಕೊಟ್ಟಿದ್ದೆ. ನಾಲ್ಕರಂದು ಕರಡಿನಲ್ಲಿದೆ ಎಂದು ನಿಮಗೆ ಬರೆದದ್ದು ಸುಳ್ಳು. ಅಲ್ಲಿಯ ಮುಖ್ಯಸ್ಥೆ ಅದನ್ನು ಓದಿಯೇ ದೋಣಿಗೆ ಒಪ್ಪಿದ್ದು. ನಿನ್ನೆ ಹೋಗಿ ಎದುರು ಕೂತು ಎಲ್ಲವನ್ನೂ ಹೇಳಿ ಬಂದೆ. ಅವರು ಕಡತ ಮುಚ್ಚಿ ಪಕ್ಕಕ್ಕಿಟ್ಟರು. ಇನ್ನು ಮುಂದೆ ನನ್ನ ಮಾತು ಅಲ್ಲಿ ನಡೆಯುತ್ತದೋ ಇಲ್ಲವೋ ದೇವರಿಗೇ ಗೊತ್ತು. ಕ್ಷಮಿಸಿ ಭಾವ. ನಂಬಿ ಬರೆದ ಕಾಗದವನ್ನು ನಾನು ಸರಕು ಮಾಡಿದೆ.

ಈಗ ಕೆಲಸಕ್ಕೆ ಬರೋಣ. ಇದಕ್ಕೂ ಯೋಜನೆ ಇರುತ್ತದೆ. ಯಾರಿಗೆ ಮೊದಲು ಹೇಳುತ್ತೀರಿ ಎನ್ನುವುದೇ ಇದರಲ್ಲಿ ಮುಖ್ಯ. ಮೊದಲು ಚುಕ್ಕಾಣಿಗೆ, ಎದುರು ಕೂರಿಸಿಕೊಂಡು. ಆಮೇಲೆ ಆಚೆ ದಡದವರಿಗೆ, ಅವರ ಊರಿಗೇ ಹೋಗಿ. ಆಮೇಲೆ ಆಸ್ಪತ್ರೆಗೆ, ಇಷ್ಟು ವರ್ಷ ಹಣ ಕೊಟ್ಟ ದಾನಿಗಳಿಗೆ. ಪತ್ರಿಕೆಯವರು ಎಲ್ಲರಿಗಿಂತ ಕೊನೆಗೆ. ಯಾರೂ ಬೇರೆಯವರ ಬಾಯಿಂದ ಕೇಳಬಾರದು. ಮಾತಿನ ಮೊದಲ ವಾಕ್ಯದಲ್ಲೇ ನಿಲ್ಲಿಸುತ್ತೇವೆ ಎಂದು ಹೇಳಿಬಿಡಿ. ಇಪ್ಪತ್ತಾರು ವರ್ಷದ ಚರಿತ್ರೆ ಹೇಳಿ ಕೊನೆಗೆ ಹೇಳಿದರೆ ಜನ ನಡುವೆಯೇ ಹೆದರುತ್ತಾರೆ. ಭಾಷಣದ ಒಂದು ಪುಟ ಇದರ ಜೊತೆಗಿದೆ, ಹಿಡಿಸದಿದ್ದರೆ ಒಲೆಗೆ ಹಾಕಿ.

ಇನ್ನೊಂದು ಮಾತು. ಇಷ್ಟು ವರ್ಷದಲ್ಲಿ ಎಷ್ಟೋ ಸಂಸ್ಥೆಗಳನ್ನು ನೋಡಿದೆ. ನಮ್ಮ ಅಗತ್ಯವಿಲ್ಲ ಎಂದು ಹೇಳುವಂಥ ಅದೃಷ್ಟ ಒಂದಕ್ಕೂ ಬರಲಿಲ್ಲ. ಇದು ನಾಚಿಕೆಯ ಸುದ್ದಿಯಲ್ಲ ಭಾವ.

ಮಾತಿನಮಲ್ಲಿ

ಮಾರ್ಚ್ 24

ಮಾತಿನಮಲ್ಲಿಗೆ ಆಶೀರ್ವಾದಗಳು.

ಕಥೆ ಕೊಟ್ಟದ್ದಕ್ಕೆ ನಿನ್ನ ಮೇಲೆ ಒಂದು ದಿನ ಕೋಪವಿತ್ತು. ನಿನ್ನ ಅಕ್ಕ, "ನೀವು ಸೇತುವೆನೇ ಬಚ್ಚಿಟ್ಟೋರು, ಸುಮ್ಮನಿರಿ" ಎಂದಳು. ಅಲ್ಲಿಗೆ ಮುಗಿಯಿತು. ಭಾಷಣ ಚೆನ್ನಾಗಿತ್ತು, ಒಲೆಗೆ ಹಾಕಿದೆ. ಮೊದಲ ವಾಕ್ಯದ ಮಾತು ಮಾತ್ರ ಇಟ್ಟುಕೊಂಡೆ.

ಚುಕ್ಕಾಣಿಯನ್ನು ಕೂರಿಸಿಕೊಂಡು ಹೇಳಿದೆ. ಅವನು ತಲೆ ತಗ್ಗಿಸಿ ಕೂತಿದ್ದ, ಅಳುತ್ತಿದ್ದಾನೆ ಎಂದುಕೊಂಡೆ. ಜೇಬಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ವಾಹನ ಓಡಿಸುವ ಲೈಸೆನ್ಸು, ತೆಗೆದುಕೊಂಡು ಒಂದೂವರೆ ವರ್ಷವಾಗಿದೆ. ಆಸ್ಪತ್ರೆಯವರು ಆಂಬುಲೆನ್ಸಿಗೆ ಎರಡು ಸಲ ಕರೆದಿದ್ದರಂತೆ. "ನಿಮ್ಮನ್ನ ಬಿಟ್ಟು ಹೇಗೆ ಹೋಗೋದು ಅಂತ ಸುಮ್ಮನಿದ್ದೆ ಅಣ್ಣ" ಎಂದ. ನಾನು ಅವನಿಗಾಗಿ ದೋಣಿ ಇಟ್ಟುಕೊಂಡಿದ್ದೆ, ಅವನು ನನಗಾಗಿ ಕೆಲಸ ಬಿಟ್ಟಿದ್ದ.

ಹೋದ ಭಾನುವಾರ ಆಚೆ ದಡದ ಶಾಲೆಯಲ್ಲಿ ಸಭೆ. ಯಾರದೋ ವ್ಯಾನು ಕೇಳಿ ತಂದು ಚುಕ್ಕಾಣಿಯೇ ಓಡಿಸಿದ. ಎರಡು ವರ್ಷದಲ್ಲಿ ಆ ಸೇತುವೆಯ ಮೇಲೆ ನಾನು ಕಾಲಿಟ್ಟದ್ದು ಅದೇ ಮೊದಲು. ನಡುವೆ ನಿಲ್ಲಿಸು ಎಂದು ಇಳಿದು ನೋಡಿದೆ. ಮೇಲಿನಿಂದ ನಮ್ಮ ದೋಣಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅಷ್ಟು ಚಿಕ್ಕದರಲ್ಲಿ ನಾಲ್ಕು ಸಾವಿರ ಸಲ ಜನರನ್ನು ಕೂರಿಸಿಕೊಂಡು ಹೋಗಿದ್ದೇವಾ ಎಂದು ಈಗ ಭಯವಾಯಿತು.

ಶಾಲೆಯ ಬೆಂಚುಗಳ ತುಂಬ ಜನ. ನಾನು ಎದ್ದು ಹೇಳಿದೆ, "ಈ ತಿಂಗಳ ಕೊನೆಗೆ ದೋಣಿ ನಿಲ್ಲಿಸ್ತೀವಿ. ಸೇತುವೆ ಇದೆ, ಆಂಬುಲೆನ್ಸ್ ಇದೆ, ಇನ್ನು ನಾವು ಬೇಕಾಗಿಲ್ಲ. ಎರಡು ವರ್ಷದ ಹಿಂದೆಯೇ ಹೇಳಬೇಕಿತ್ತು, ನನಗೆ ಮನಸ್ಸು ಬರಲಿಲ್ಲ." ಯಾರೂ ಮಾತಾಡುತ್ತಿರುವಂತೆ ಕಾಣಲಿಲ್ಲ. ನನಗೇ ಕೇಳಿಸುತ್ತಿಲ್ಲವೇನೋ ಎಂದು ನಿನ್ನ ಅಕ್ಕನ ಮುಖ ನೋಡಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು, ನಿಜವಾಗಿಯೂ ಎಲ್ಲರೂ ಸುಮ್ಮನಿದ್ದರು.

ಆಗ ದೊಡ್ಡಮ್ಮ ಎದ್ದು ನನ್ನ ಹತ್ತಿರಕ್ಕೇ ಬಂದರು. ನನಗೆ ಕೇಳಿಸಲಿ ಎಂದು ಜೋರಾಗಿ ಹೇಳಿದರು, "ಅಯ್ಯೋ ಪುಣ್ಯಾತ್ಮ, ನಿಮಗೂ ಸಾಕಾಗಿತ್ತಾ? ನಿಮಗೆ ಬೇಜಾರಾಗುತ್ತೆ ಅಂತ ನಾವು ಪಾಳಿ ಹಾಕ್ಕೊಂಡು ಕರೀತಿದ್ವಿ."

ಏಳು ಹಳ್ಳಿಯವರು ಕೂತು ಮಾತಾಡಿ ಪಾಳಿ ಮಾಡಿದ್ದರಂತೆ. ತಿಂಗಳಿಗೆ ಒಂದು ಹಳ್ಳಿ, ಒಂದು ಫೋನು. ಇಷ್ಟು ವರ್ಷ ನಮ್ಮನ್ನು ದಾಟಿಸಿದವನನ್ನು, ಸೇತುವೆ ಬಂತು ಅಂತ ಒಂದೇ ಸಲ ಬಿಟ್ಟರೆ ಆ ಮನುಷ್ಯ ಕುಗ್ಗಿಹೋಗುತ್ತಾನೆ ಎಂದು. ಕಾಲು ಉಳುಕಿದವನೊಬ್ಬ ಬಸ್ ನಿಲ್ದಾಣ ದಾಟಿ, ಕುಂಟಿಕೊಂಡು ಒಂದು ಮೈಲಿ ದಡದ ತನಕ ನಡೆದು ಬಂದು ದೋಣಿ ಹತ್ತಿದ್ದನಂತೆ. ಅದನ್ನು ಅವನೇ ಎದ್ದು ನಿಂತು ಹೇಳಿದ. ಸಭೆ ಬಿದ್ದು ಬಿದ್ದು ನಕ್ಕಿತು. ನಿನ್ನ ಅಕ್ಕ ಮಂಡಿ ಹಿಡಿದುಕೊಂಡು ನಕ್ಕಳು.

ನವೆಂಬರ್ ದೊಡ್ಡಮ್ಮನ ಹಳ್ಳಿಯ ಪಾಳಿ. ಸೊಸೆಗೆ ಇನ್ನೂ ಹೊತ್ತಿದೆ, ಹೇಗೂ ಆಸ್ಪತ್ರೆಗೆ ಹೋಗಬೇಕು, ಪಾಳಿಯೂ ಮುಗಿಯುತ್ತದೆ ಎಂದು ಫೋನ್ ಮಾಡಿಸಿದ್ದರು. ಅದನ್ನು ಹೇಳುವಾಗ ಅವರ ನಗು ನಿಂತುಹೋಯಿತು. "ಅವತ್ತಿಂದ ಆ ಮಗು ಮುಖ ನೋಡಿದಾಗಲೆಲ್ಲ ನನ್ನ ಎದೆ ಹೊಡ್ಕೊಳ್ಳುತ್ತೆ. ಯಾರ ಹತ್ರ ಹೇಳಲಿ?" ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡು, ನನಗೂ ಹಾಗೇ ಆಗುತ್ತದೆ ಎಂದೆ. ಇಬ್ಬರೂ ಅಷ್ಟು ಜನರ ಮುಂದೆ ಅತ್ತೆವು. ಸೊಸೆ ಬಂದು ಮಗುವನ್ನು ನನ್ನ ಮಡಿಲಿಗೆ ಹಾಕಿ, ಇಬ್ಬರೂ ಸಾಕು ನಿಲ್ಲಿಸಿ, ಮಗು ಹೆದರುತ್ತೆ ಎಂದು ಗದರಿದಳು. ನಾಲ್ಕು ತಿಂಗಳ ಕೂಸು, ಒಳ್ಳೆ ತೂಕವಿದೆ.

ಭಾವ

ಮಾರ್ಚ್ 30

ಪ್ರೀತಿಯ ಭಾವ,

ಪಾಳಿ ಎಂಬುದನ್ನು ಓದಿ ಬಸ್ಸಿನಲ್ಲೇ ಜೋರಾಗಿ ನಕ್ಕೆ, ಪಕ್ಕದವರು ಜಾಗ ಬದಲಿಸಿದರು. ಇಪ್ಪತ್ತು ಪುಟದ ಯೋಜನೆ ಬರೆದರೂ ಇಂಥದ್ದನ್ನು ಊಹಿಸಲು ನನ್ನಿಂದ ಆಗುತ್ತಿರಲಿಲ್ಲ. ನಾನು ನಿಮ್ಮದೊಂದು ಬಾಯಿಗೆ ಮಾತು ಹುಡುಕುತ್ತಿದ್ದೆ, ಇಲ್ಲಿ ಏಳು ಹಳ್ಳಿ ಬಾಯಿ ಮುಚ್ಚಿಕೊಂಡು ಕೂತಿತ್ತು.

ದತ್ತಿ ಸಂಸ್ಥೆಯ ಮುಖ್ಯಸ್ಥೆ ನಿನ್ನೆ ಕರೆಸಿದ್ದರು. ನನ್ನನ್ನು ಹೊರಗೆ ಹಾಕುತ್ತಾರೆ ಎಂದೇ ಹೋದೆ. ನಿಮ್ಮ ಸಂಸ್ಥೆಯಿಂದ ಬಂದ ಕಾಗದ ಅವರ ಮೇಜಿನ ಮೇಲಿತ್ತು, ನೀವೇ ಕೈಯಲ್ಲಿ ಬರೆದದ್ದು. "ನನ್ನ ಕೆಲಸದಲ್ಲಿ 'ನಮಗೆ ಬೇಡ' ಅನ್ನೋ ಕಾಗದ ಇದೇ ಮೊದಲು ನೋಡಿದ್ದು" ಎಂದರು. ಇನ್ನು ಮುಂದೆ ನಾನು ತರುವ ಕಥೆಯ ಜೊತೆಗೆ, ಆ ಕಥೆಯವರ ಒಪ್ಪಿಗೆಯ ಕಾಗದವೂ ಇರಬೇಕಂತೆ. ಒಪ್ಪಿಕೊಂಡೆ. ಬೈಸಿಕೊಂಡು ಇಷ್ಟು ಸಮಾಧಾನವಾಗಿ ನಾನು ಎಂದೂ ಹೊರಬಂದಿರಲಿಲ್ಲ.

ಹೇಗಿದ್ದೀರಿ ಎಂದು ನಿಜ ಬರೆಯಿರಿ. ಅಕ್ಕನಿಂದ ಬರೆಸಬೇಡಿ.

ಮಾತಿನಮಲ್ಲಿ

ಏಪ್ರಿಲ್ 19

ಮಾತಿನಮಲ್ಲಿಗೆ,

ನಿಜವನ್ನೇ ಬರೆಯುತ್ತೇನೆ. ಮೊದಲ ವಾರ ಕಷ್ಟವಾಯಿತು. ಬೆಳಿಗ್ಗೆ ಎದ್ದು ಒರೆಸುವ ಬಟ್ಟೆ ಹಿಡಿದು ದೋಣಿಮನೆಯ ಬಾಗಿಲಿನ ತನಕ ಹೋಗಿ, ಇಂಜಿನ್ ಬಿಚ್ಚಿ ಕಳಿಸಿಯಾಗಿದೆ ಎಂದು ನೆನಪಾಗಿ ವಾಪಸ್ ಬರುತ್ತಿದ್ದೆ. ಊಟ ಸೇರಲಿಲ್ಲ.

ಮೊನ್ನೆ ಮಂಗಳವಾರ ಮಧ್ಯಾಹ್ನ ಪೇಟೆಯಲ್ಲಿ ಚುಕ್ಕಾಣಿ ಸಿಕ್ಕಿದ. ಬಿಳಿ ಅಂಗಿ ಹಾಕಿಕೊಂಡು ದೊಡ್ಡ ಅಧಿಕಾರಿಯ ಹಾಗೆ ಕಾಣುತ್ತಾನೆ. ಮಾತಿನ ನಡುವೆ ಹೇಳಿದ, ಕಾಲು ಉಳುಕಿಸಿಕೊಂಡು ಬಂದಿದ್ದನಲ್ಲ, ಅವನಿಗೆ ಭಾನುವಾರ ಎದೆನೋವು ಬಂತಂತೆ. ಆಂಬುಲೆನ್ಸಿಗೆ ಫೋನ್ ಮಾಡಿದರು. ಚುಕ್ಕಾಣಿಯೇ ಸೇತುವೆಯ ಮೇಲೆ ಕರೆತಂದ. ಡಾಕ್ಟರು ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಈಗ ಎದ್ದು ಕೂತು ಊಟದ ರುಚಿ ಸರಿಯಿಲ್ಲ ಎಂದು ಆಸ್ಪತ್ರೆಯವರ ಮೇಲೆ ರೇಗುತ್ತಿದ್ದಾನೆ.

ಭಾನುವಾರ ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ ಎಂದು ಲೆಕ್ಕ ಹಾಕಿದೆ. ಊಟ ಮಾಡಿ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಮಲಗಿದ್ದೆ. ಒಬ್ಬ ಮನುಷ್ಯ ಸಾವಿನ ಬಾಯಿಗೆ ಹೋಗಿ ತಿರುಗಿ ಬಂದ, ನನಗೆ ಗೊತ್ತೇ ಆಗಲಿಲ್ಲ. ಎರಡು ದಿನ ಕಳೆದು ಪೇಟೆಯಲ್ಲಿ ತಿಳಿಯಿತು. ಇಪ್ಪತ್ತಾರು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ಅಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಚುಕ್ಕಾಣಿ ಹೆದರಿ ನೀರು ತಂದ. ಏನಿಲ್ಲ ಕಣೋ, ಸಂತೋಷವಾಯಿತು ಎಂದೆ. ಮನೆಗೆ ಬಂದು ನಿನ್ನ ಅಕ್ಕನಿಗೆ ಹೇಳಿ, ಎರಡು ಸಲ ಬಡಿಸಿಕೊಂಡು ಊಟ ಮಾಡಿ, ಮತ್ತೆ ಹೋಗಿ ಚಾಪೆಯ ಮೇಲೆ ಮಲಗಿದೆ.

ಭಾವ